‘ನಗದು ಮಾತ್ರ’ ಫಲಕದಿಂದ ತೆರಿಗೆ ಉಳಿಯುವುದಿಲ್ಲ

ಮಾನ್ಯ ಸಂಪಾದಕರೇ,

ತೆರಿಗೆ ನೋಟಿಸು ತಪ್ಪಿಸಿಕೊಳ್ಳಲು ಯುಪಿಐ ಕೋಡ್ ಕಿತ್ತುಹಾಕಿ ನಗದಿಗೆ ಮರಳುವುದೊಂದೇ ಸಣ್ಣ ವ್ಯಾಪಾರಿಗೆ ಉಳಿದಿರುವ ದಾರಿ ಎಂದು ಕಳೆದ ವಾರ ನಿಮ್ಮ ಓದುಗರ ಅಂಕಣದಲ್ಲಿ ಒಬ್ಬರು ಬರೆದಿದ್ದಾರೆ. ಅವರ ಸಿಟ್ಟು ಅರ್ಥವಾಗುತ್ತದೆ, ಸಲಹೆಗೆ ಮಾತ್ರ ನನ್ನ ತಕರಾರಿದೆ. ದಾವಣಗೆರೆಯಲ್ಲಿ ಕಿರಾಣಿ, ಬೇಕರಿ, ಹಾರ್ಡ್‌ವೇರ್ ಅಂಗಡಿಗಳ ಲೆಕ್ಕ ಬರೆದುಕೊಂಡು ಬಂದವನು ನಾನು. ಮಾರಾಟ ತೆರಿಗೆಯ ಕಾಲವನ್ನು ಕಂಡೆ, 2005ರಲ್ಲಿ ವ್ಯಾಟ್ ಬಂದದ್ದನ್ನು ಕಂಡೆ, 2017ರಲ್ಲಿ ಜಿಎಸ್‌ಟಿ ಬಂದದ್ದನ್ನೂ ಕಂಡೆ. ಪ್ರತಿ ಸಲವೂ ಅಂಗಡಿಯವರು ಮೊದಲು ಕೇಳಿದ್ದು ಲೆಕ್ಕವನ್ನಲ್ಲ, ಲೆಕ್ಕದಿಂದ ತಪ್ಪಿಸಿಕೊಳ್ಳುವ ಉಪಾಯವನ್ನು.

2025ರ ಜುಲೈನಲ್ಲಿ ಆದದ್ದನ್ನೇ ನೋಡಿ. ವಾಣಿಜ್ಯ ತೆರಿಗೆ ಇಲಾಖೆ 2021-22ರಿಂದೀಚಿನ ಯುಪಿಐ ಮಾಹಿತಿಯನ್ನು ಮುಂದಿಟ್ಟುಕೊಂಡು ನೋಟಿಸುಗಳನ್ನು ಕಳಿಸಿತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ನಾಲ್ಕು ವರ್ಷಗಳ 1.63 ಕೋಟಿ ರೂಪಾಯಿ ವಹಿವಾಟಿಗೆ 29 ಲಕ್ಷ ರೂಪಾಯಿ ತೆರಿಗೆ ಕೇಳಿದ ಸುದ್ದಿ ಎಲ್ಲೆಡೆ ಬಂತು. ಹಸಿ ತರಕಾರಿಗೆ ಜಿಎಸ್‌ಟಿಯೇ ಇಲ್ಲ ಎಂಬುದನ್ನು ನೋಟಿಸು ಕಳಿಸುವ ಮೊದಲು ಯೋಚಿಸಬಾರದಿತ್ತೇ? ಜುಲೈ 23ರಂದು ಮುಖ್ಯಮಂತ್ರಿಗಳು ವ್ಯಾಪಾರಿಗಳನ್ನು ಕರೆಸಿ ಮಾತನಾಡಿ, ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ಆದರೆ ಇನ್ನು ಮುಂದೆ ನೋಂದಣಿ ಮಾಡಿಸಿಕೊಳ್ಳಬೇಕು ಎಂದರು. ಮಾತಿನ ಮೊದಲರ್ಧ ಎಲ್ಲರ ಕಿವಿಗೂ ಬಿತ್ತು. ಉಳಿದರ್ಧ ಕೇಳಿಸಿದವರು ಎಷ್ಟು ಮಂದಿಯೋ!

ಆ ದಿನಗಳಲ್ಲಿ ನಮ್ಮ ಬೀದಿಯ ಕಾಂಡಿಮೆಂಟ್ಸ್ ಅಂಗಡಿಯವರು ನೋಟಿಸು ಹಿಡಿದು ಬಂದರು. ‘ಸಾರ್, ನಾನು ಇಷ್ಟೊಂದು ವ್ಯಾಪಾರವನ್ನೇ ಮಾಡಿಲ್ಲ’ ಎಂಬುದು ಅವರ ಮೊದಲ ಮಾತು. ಮೂರು ಸಂಜೆ ಕುಳಿತು ಬ್ಯಾಂಕ್ ಪಟ್ಟಿಯ ಸಾಲುಗಳಿಗೆ ಕೆಂಪು, ನೀಲಿ ಗುರುತು ಹಾಕಿದೆವು. ಹಾಲು, ಬಾಳೆಹಣ್ಣು, ಬಿಸ್ಕತ್ತು, ಸಿಗರೇಟು ಮಾರಿದ ಹಣ ಇತ್ತು. ಅದರ ನಡುವೆಯೇ ಚೀಟಿ ಎತ್ತಿದ ಹಣ, ಬಾವಮೈದುನನಿಂದ ತಂದ ಕೈಗಡ, ಬೆಂಗಳೂರಿನಿಂದ ಮಗಳು ಕಳಿಸಿದ್ದು, ಮಹಡಿ ಮನೆಯ ಬಾಡಿಗೆ. ಎಟಿಎಂ ದೂರವೆಂದು ಗಿರಾಕಿಗಳು ಸ್ಕ್ಯಾನ್ ಮಾಡಿ ಗಲ್ಲಾದಿಂದ ನೋಟು ಒಯ್ದದ್ದೂ ಇತ್ತು. ಸುಮಾರು ಮೂರನೆಯ ಒಂದು ಪಾಲು ವ್ಯಾಪಾರವೇ ಅಲ್ಲ. ಹಾಗೆಂದು ಬಾಯಲ್ಲಿ ಹೇಳಿದರೆ ಅಧಿಕಾರಿ ಏಕೆ ನಂಬಬೇಕು? ಎಲ್ಲವೂ ಅವರ ಹೆಂಡತಿಯ ಉಳಿತಾಯ ಖಾತೆಗೆ, ಒಂದೇ ಕೋಡ್ ಮೂಲಕ ಬಂದಿತ್ತು.

ನಗದಿಗೆ ಮರಳುವ ಬದಲು ಅವರು ಮಾಡಿದ್ದು ಎರಡೇ ಕೆಲಸ. ಅಂಗಡಿಯ ಹೆಸರಿನಲ್ಲಿ ಚಾಲ್ತಿ ಖಾತೆ ತೆರೆದು ಗಲ್ಲಾದ ಮುಂದಿನ ಕೋಡನ್ನು ಅದಕ್ಕೆ ಜೋಡಿಸಿದರು. ಮನೆಯ ಹಣ ಆ ಕಡೆ ಸುಳಿಯುವುದಿಲ್ಲ. ನೂರು ಪುಟದ ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ರಾತ್ರಿ ಹಾಲು ಎಷ್ಟು, ಹಣ್ಣು ಎಷ್ಟು, ಉಳಿದದ್ದು ಎಷ್ಟು ಎಂದು ಬರೆಯುತ್ತಾರೆ. ಸರಕು ತಂದ ಬಿಲ್ಲುಗಳು ಮೊಳೆಗೆ ಸಿಕ್ಕಿಸಿದ ತಂತಿಯಲ್ಲಿವೆ. ಕಂಪ್ಯೂಟರ್ ಕೊಳ್ಳಿ ಎಂದು ನಾನು ಹೇಳಲೂ ಇಲ್ಲ.

ಇನ್ನು ಮಿತಿಯ ಮಾತು. ‘40 ಲಕ್ಷದವರೆಗೆ ಜಿಎಸ್‌ಟಿ ನೋಂದಣಿ ಬೇಡ’ ಎಂಬುದು ಎಲ್ಲರ ಬಾಯಲ್ಲೂ ಇದೆ, ನಿಮ್ಮ ಪತ್ರಿಕೆಯಲ್ಲೂ ಹಾಗೆಯೇ ಬಂದಿತ್ತು. ಅದು ಅರ್ಧ ಸತ್ಯ. ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟಿನ ಮಿತಿ ಸರಕು ಮಾತ್ರ ಮಾರುವವರಿಗೆ. ಸೇವೆ ಸೇರಿಕೊಂಡರೆ 20 ಲಕ್ಷ. ಅಂಗಡಿಯಲ್ಲಿ ಟೀ ಮಾಡಿ ಕೊಟ್ಟರೆ ಅದು ಹೋಟೆಲಿನ ಲೆಕ್ಕಕ್ಕೆ ಸೇರಿ ಸೇವೆಯಾಗುತ್ತದೆ. ಅದಕ್ಕಿಂತ ಕಡಿಮೆ ಜನಕ್ಕೆ ಗೊತ್ತಿರುವುದು, ಐಸ್‌ಕ್ರೀಂ, ಪಾನ್ ಮಸಾಲ, ತಂಬಾಕು ಪದಾರ್ಥ ಮಾರುವವರಿಗೂ 40 ಲಕ್ಷದ ಸವಲತ್ತಿಲ್ಲ ಎಂಬುದು. ಮೂಲೆಯಲ್ಲಿ ಸಿಗರೇಟಿನ ಡಬ್ಬಿ ಇಟ್ಟ ಕಿರಾಣಿ ಅಂಗಡಿಯೂ 20 ಲಕ್ಷಕ್ಕೆ ಇಳಿಯುತ್ತದೆ. ವರ್ಷಕ್ಕೆ 20 ಲಕ್ಷವೆಂದರೆ ದಿನಕ್ಕೆ ಐದೂವರೆ ಸಾವಿರ ರೂಪಾಯಿ. ಬಸ್ ನಿಲ್ದಾಣದ ಎದುರಿನ ಅಂಗಡಿಗೆ ಅದು ಮಧ್ಯಾಹ್ನದೊಳಗಿನ ವ್ಯಾಪಾರ.

ಹಾಲಿನವರ ಗೊಂದಲ ಇನ್ನೊಂದು ಬಗೆಯದು. ಬರೀ ಹಾಲು ಮಾರುವವರು ಎಷ್ಟು ಕೋಟಿ ಮಾರಿದರೂ ನೋಂದಣಿ ಬೇಕಿಲ್ಲ. ಜೊತೆಗೆ ಬೆಣ್ಣೆ ಬಿಸ್ಕತ್ತು ಇಟ್ಟರೆ ಮಿತಿ ಎಣಿಸುವಾಗ ಹಾಲಿನ ಹಣವೂ ಸೇರುತ್ತದೆ, ತೆರಿಗೆ ಮಾತ್ರ ಬಿಸ್ಕತ್ತಿಗೆ. ಮಿತಿ ದಾಟುವುದಕ್ಕೂ ತೆರಿಗೆ ಕಟ್ಟುವುದಕ್ಕೂ ಇರುವ ಈ ವ್ಯತ್ಯಾಸ ತಿಳಿದರೆ ಅರ್ಧ ಭಯ ಹೋಗುತ್ತದೆ. ಮಿತಿ ದಾಟಿದವರಿಗೂ 1.5 ಕೋಟಿ ವಹಿವಾಟಿನವರೆಗೆ ರಾಜಿ ತೆರಿಗೆ, ಅಂದರೆ ವ್ಯಾಪಾರಿಗಳು ಕಾಂಪೋಸಿಷನ್ ಎನ್ನುವ ಪದ್ಧತಿ ಇದೆ. ಸರಕು ಮಾರುವವರು ತೆರಿಗೆಗೆ ಒಳಪಡುವ ಮಾರಾಟದ ಮೇಲೆ ಶೇ 1 ಕಟ್ಟಿದರೆ ಮುಗಿಯಿತು. ಅದನ್ನು ಗಿರಾಕಿಯ ಬಿಲ್ಲಿಗೆ ಹಾಕುವಂತಿಲ್ಲ, ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ಮರಳಿ ಪಡೆಯುವಂತಿಲ್ಲ, ಹೊರರಾಜ್ಯಕ್ಕೆ ಮಾರುವಂತಿಲ್ಲ. ಈಗಾಗಲೇ ನೋಂದಣಿ ಇರುವವರು ಮುಂದಿನ ವರ್ಷಕ್ಕೆ ಇದನ್ನು ಬಯಸಿದರೆ ಮಾರ್ಚ್ 31ರೊಳಗೆ ಹೇಳಬೇಕು. ಏಪ್ರಿಲ್ ಎರಡನೆಯ ವಾರದಲ್ಲಿ ನನ್ನ ಬಳಿ ಓಡಿಬರುವವರು ವರ್ಷ ವರ್ಷವೂ ಇದ್ದಾರೆ.

ನಗದಿನ ವಾದ ಪೂರ್ತಿ ತಲೆಕೆಳಗಾಗುವುದು ಆದಾಯ ತೆರಿಗೆಯಲ್ಲಿ. 1961ರ ಆದಾಯ ತೆರಿಗೆ ಕಾಯ್ದೆಯ 44ಎಡಿ ಕಲಂ ಪ್ರಕಾರ ಪೂರ್ತಿ ಲೆಕ್ಕಪುಸ್ತಕ ಇಡದ ಸಣ್ಣ ವ್ಯಾಪಾರಿ ತನ್ನ ವಹಿವಾಟಿನ ಒಂದು ಪಾಲನ್ನು ಲಾಭವೆಂದು ತೋರಿಸಿ ರಿಟರ್ನ್ ಸಲ್ಲಿಸಬಹುದು. ನಗದು ಮಾರಾಟಕ್ಕೆ ಕನಿಷ್ಠ ಶೇ 8, ಬ್ಯಾಂಕ್ ಅಥವಾ ಯುಪಿಐ ಮೂಲಕ ಬಂದದ್ದಕ್ಕೆ ಶೇ 6. ಕಾನೂನೇ ಯುಪಿಐಗೆ ರಿಯಾಯಿತಿ ಕೊಟ್ಟಿದೆ. 1.8 ಕೋಟಿ ವಹಿವಾಟಿನ ಕಿರಾಣಿ ಅಂಗಡಿಯೊಂದನ್ನು ತೆಗೆದುಕೊಳ್ಳಿ. ಎಲ್ಲ ಹಣ ಯುಪಿಐನಲ್ಲಿ ಬಂದರೆ ಲಾಭ 10.80 ಲಕ್ಷ. ಬೇರೆ ಆದಾಯವಿಲ್ಲದಿದ್ದರೆ, 2025-26ರ ಹೊಸ ತೆರಿಗೆ ಪದ್ಧತಿಯಲ್ಲಿ (ಹೂಡಿಕೆ, ಬಾಡಿಗೆಯಂಥ ಕಡಿತಗಳಿಲ್ಲದ್ದು) 12 ಲಕ್ಷದವರೆಗೆ ರಿಯಾಯಿತಿ ಇರುವುದರಿಂದ ತೆರಿಗೆ ಸೊನ್ನೆ. ಅದೇ ವ್ಯಾಪಾರ ಪೂರ್ತಿ ನಗದಿನಲ್ಲಾದರೆ ಲಾಭ 14.40 ಲಕ್ಷ, ಸೆಸ್ ಸೇರಿ ತೆರಿಗೆ 99,840 ರೂಪಾಯಿ. ‘ನಗದು ಮಾತ್ರ’ ಎಂಬ ರಟ್ಟಿನ ತುಂಡಿಗೆ ಇಷ್ಟು ಬೆಲೆ!

ನಿಜವಾದ ಲಾಭ ಹೆಚ್ಚಿದ್ದರೆ ಹೆಚ್ಚನ್ನೇ ತೋರಿಸಬೇಕು, ಅದು ಬೇರೆ ಮಾತು. ದಲಾಲಿ, ಕಮಿಷನ್ ವ್ಯವಹಾರಕ್ಕೆ ಈ ಕಲಂ ಸಲ್ಲದು. ಒಮ್ಮೆ ಒಳಗೆ ಬಂದವರು ಐದು ವರ್ಷದೊಳಗೆ ಬಿಟ್ಟುಹೋದರೆ ಆಮೇಲೆ ಐದು ವರ್ಷ ಬಾಗಿಲು ಮುಚ್ಚಿರುತ್ತದೆ. ಮುಂಗಡ ತೆರಿಗೆ ಇದ್ದರೆ ಮಾರ್ಚ್ 15ರೊಳಗೆ ಒಂದೇ ಕಂತಿನಲ್ಲಿ ಕಟ್ಟಬೇಕು. (2026ರ ಏಪ್ರಿಲ್ 1ರಿಂದ 1961ರ ಕಾಯ್ದೆಯ ಜಾಗದಲ್ಲಿ ಹೊಸ ಕಾಯ್ದೆ. ಕಲಂ ಸಂಖ್ಯೆಗಳನ್ನು ಬಾಯಿಪಾಠ ಮಾಡಿಕೊಂಡು ಹೊಟ್ಟೆ ಹೊರೆಯುವ ನಮ್ಮಂಥವರು ಮತ್ತೆ ಮೊದಲಿನಿಂದ ಮಗ್ಗಿ ಕಲಿಯಬೇಕು.)

ಸಂಬಳದಾರರೂ ಇದೇ 12 ಲಕ್ಷದ ಗುಂಗಿನಲ್ಲಿ 2025ರಲ್ಲಿ ಮೋಸಹೋದರು. ಬಜೆಟ್ ದಿನ ಕೇಳಿದ್ದನ್ನು ನಂಬಿ, ‘ನನಗೆ ತೆರಿಗೆಯೇ ಇಲ್ಲವಲ್ಲ’ ಎಂದು ರಿಟರ್ನ್ ಸಲ್ಲಿಸುವ ಸೆಪ್ಟೆಂಬರ್ 16ರ ಗಡುವನ್ನು ಹಾಗೆಯೇ ಬಿಟ್ಟವರು ನನಗೆ ಗೊತ್ತು. ಆ ರಿಟರ್ನ್ 2024-25ರ ಆದಾಯದ್ದು, ಆಗಿನ ರಿಯಾಯಿತಿ ಮಿತಿ 7 ಲಕ್ಷ. ಅಲ್ಲದೆ ತೆರಿಗೆ ಸೊನ್ನೆಯಾದ ಮಾತ್ರಕ್ಕೆ ರಿಟರ್ನ್ ಬೇಡ ಎಂದಾಗುವುದಿಲ್ಲ. ವ್ಯಾಪಾರದ ವಹಿವಾಟು 60 ಲಕ್ಷ ದಾಟಿದ್ದರೆ, ಉಳಿತಾಯ ಖಾತೆಗಳಿಗೆ ವರ್ಷದಲ್ಲಿ 50 ಲಕ್ಷ ಜಮೆಯಾಗಿದ್ದರೆ, ಕರೆಂಟ್ ಬಿಲ್ಲು ಒಂದು ಲಕ್ಷ ಮೀರಿದ್ದರೆ ಆದಾಯ ಎಷ್ಟೇ ಇರಲಿ, ಸಲ್ಲಿಸಲೇಬೇಕು. ಬಿಟ್ಟವರಿಗೆ 2025ರ ಡಿಸೆಂಬರ್ 31ರವರೆಗೆ ಅವಕಾಶವಿತ್ತು. ತಡವಾದ ಶುಲ್ಕ 5,000 ರೂಪಾಯಿ, ಆದಾಯ 5 ಲಕ್ಷ ಮೀರದಿದ್ದರೆ 1,000. ಆ ಶುಲ್ಕಕ್ಕಿಂತ ದೊಡ್ಡ ನಷ್ಟ ಬೇರೆಯಿದೆ: ತಡವಾದ ರಿಟರ್ನಿನಲ್ಲಿ ಕಡಿತಗಳಿರುವ ಹಳೆಯ ಪದ್ಧತಿ ಆರಿಸಿಕೊಳ್ಳಲಾಗದು. ಮನೆ ಸಾಲದ ಬಡ್ಡಿ, ಎಲ್‌ಐಸಿ ಕಂತು, ಮನೆ ಬಾಡಿಗೆ ಎಂದು ವರ್ಷವಿಡೀ ಕೂಡಿಟ್ಟ ರಸೀದಿಗಳು ಆಗ ಬರೀ ಕಾಗದ. ಸಲ್ಲಿಸಿದ ಮೇಲೆ 30 ದಿನದೊಳಗೆ ಆಧಾರ್ ಒಟಿಪಿಯಿಂದಲೋ ಬೇರೆ ರೀತಿಯಲ್ಲೋ ದೃಢೀಕರಿಸುವುದನ್ನು ಮರೆಯುವವರೂ ಕಡಿಮೆಯಿಲ್ಲ.

ನನ್ನ ಕಸುಬಿನವರ ಬಗ್ಗೆಯೂ ಒಂದು ಮಾತು ಹೇಳದಿದ್ದರೆ ಅಪ್ರಾಮಾಣಿಕನಾಗುತ್ತೇನೆ. ‘ರಿಫಂಡ್ ತರಿಸಿಕೊಡುತ್ತೇನೆ, ಬಂದದ್ದರಲ್ಲಿ ನನಗೆ ಪಾಲು’ ಎನ್ನುವವರು ಊರೂರಲ್ಲಿದ್ದಾರೆ. ಕೊಡದ ದೇಣಿಗೆ, ಕಟ್ಟದ ಬಾಡಿಗೆ ಬರೆದು ರಿಫಂಡ್ ತರಿಸುತ್ತಾರೆ. 2025ರ ಜುಲೈನಲ್ಲಿ ಆದಾಯ ತೆರಿಗೆ ಇಲಾಖೆ ದೇಶದ ಹಲವೆಡೆ ಇಂಥವರ ಮೇಲೆಯೇ ದಾಳಿ ನಡೆಸಿತು. ನೋಟಿಸು ಬರುವಾಗ ಬರುವುದು ಪ್ಯಾನ್ ಯಾರದೋ ಅವರಿಗೆ, ಬರೆದುಕೊಟ್ಟವನಿಗಲ್ಲ. ಹಾಗೆ ಬರೆಸಿದವರು 2025ರ ಡಿಸೆಂಬರ್ 31ರೊಳಗೆ ರಿಟರ್ನ್ ಪರಿಷ್ಕರಿಸಿಕೊಳ್ಳಬಹುದಿತ್ತು. ಆ ದಿನ ಕಳೆದರೂ ನಾಲ್ಕು ವರ್ಷದವರೆಗೆ ತಿದ್ದುವ ದಾರಿಯುಂಟು, ಆದರೆ ಅದಕ್ಕೆ ಹೆಚ್ಚುವರಿ ತೆರಿಗೆ ಕಟ್ಟಬೇಕು. ಆದಾಯ ತೆರಿಗೆ ಪೋರ್ಟಲ್‌ನಲ್ಲಿ ನಮೂದಾಗಿರುವ ಮೊಬೈಲ್ ಸಂಖ್ಯೆ ನಿಮ್ಮದೋ, ಲೆಕ್ಕ ಬರೆಯುವವನದೋ ಇಂದೇ ನೋಡಿಕೊಳ್ಳಿ. ನನ್ನ ಫೋನಿಗೇ ಬೇರೆಯವರ ನೋಟಿಸುಗಳು ಬಂದು ಬೀಳುತ್ತಿದ್ದ ಕಾಲವಿತ್ತು. ನಾಚಿಕೆಯಾಗಿ ಒಂದೊಂದನ್ನೇ ಅವರವರ ಸಂಖ್ಯೆಗೆ ಬದಲಾಯಿಸಿಕೊಟ್ಟೆ. ವಾರ್ಷಿಕ ಮಾಹಿತಿ ಪಟ್ಟಿ, ಅಂದರೆ ಎಐಎಸ್, ಅದೇ ಪೋರ್ಟಲ್‌ನಲ್ಲಿದೆ. ಯಾವ ಬ್ಯಾಂಕ್ ಎಷ್ಟು ಬಡ್ಡಿ ಕೊಟ್ಟಿತು ಎಂಬುದು ನಿಮಗಿಂತ ಮೊದಲು ಇಲಾಖೆಗೆ ಗೊತ್ತಿರುತ್ತದೆ.

ಕಡೆಗೆ ತಮ್ಮಲ್ಲೊಂದು ಕೋರಿಕೆ. ಮುಂದಿನ ಬಾರಿ ಜಿಎಸ್‌ಟಿ ಮಿತಿಯ ಸುದ್ದಿ ಹಾಕುವಾಗ 40 ಲಕ್ಷದ ಪಕ್ಕದಲ್ಲೇ ಟೀ, ಐಸ್‌ಕ್ರೀಂ, ಸಿಗರೇಟಿನ 20 ಲಕ್ಷವನ್ನೂ ಒಂದು ಸಾಲಿನಲ್ಲಿ ಸೇರಿಸಿ. ನಮ್ಮ ಬೀದಿಯ ಅಂಗಡಿಯವರು ಅದನ್ನು ಕತ್ತರಿಸಿ ಗಲ್ಲಾದ ಗಾಜಿನಡಿ ಇಡುತ್ತೇನೆ ಎಂದಿದ್ದಾರೆ.

ಇಂತಿ ತಮ್ಮ ಓದುಗ,
ಸಣ್ಣ ಅಂಗಡಿಗಳ ಲೆಕ್ಕ ಬರೆಯುವವ
ದಾವಣಗೆರೆ