ಜಿಲ್ಲಾ ಆಸ್ಪತ್ರೆಯ ಆವರಣದಲ್ಲಿ ನಡೆಯುತ್ತಿರುವ ಕಟ್ಟಡ ಕಾಮಗಾರಿಯನ್ನು ರೋಗಿಗಳ ಸುರಕ್ಷತೆಗೆ ಒಳಪಡಿಸಿ ನಡೆಸುವಂತೆ ಕೋರಿ ಮನವಿ ಪತ್ರ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು,
ಜಿಲ್ಲಾಡಳಿತ ಭವನ.

ಇವರಿಂದ,
ಜಿಲ್ಲಾ ಆಸ್ಪತ್ರೆ ರಸ್ತೆ ಹಾಗೂ ಅಕ್ಕಪಕ್ಕದ ಬಡಾವಣೆಗಳ ನಿವಾಸಿಗಳು.

ವಿಷಯ: ಆಸ್ಪತ್ರೆಯ ಹಳೆಯ ಕಟ್ಟಡವನ್ನು ಕೆಡವಿ ಹೊಸ ಹೆರಿಗೆ ಮತ್ತು ಮಕ್ಕಳ ವಿಭಾಗವನ್ನು ಕಟ್ಟುವ ಕಾಮಗಾರಿಯ ಮೇಲ್ವಿಚಾರಣೆ ಕುರಿತು.

ಮಾನ್ಯರೇ,

ಹೊಸ ಹೆರಿಗೆ ವಿಭಾಗ ಬೇಕೆಂದು ಹಲವು ವರ್ಷಗಳಿಂದ ಅರ್ಜಿ ಕೊಡುತ್ತ ಬಂದವರಲ್ಲಿ ನಾವೂ ಇದ್ದೇವೆ. ಒಂದೇ ಹಾಸಿಗೆಯಲ್ಲಿ ಇಬ್ಬರು ಬಾಣಂತಿಯರು ಮಲಗುವುದನ್ನು ಕಂಡವರಿಗೆ ಈ ಕಟ್ಟಡದ ಅಗತ್ಯವನ್ನು ಯಾರೂ ವಿವರಿಸಬೇಕಾಗಿಲ್ಲ. ಆದ್ದರಿಂದ ಕಾಮಗಾರಿಯನ್ನು ನಿಲ್ಲಿಸಿ ಎಂದು ನಾವು ಕೇಳುತ್ತಿಲ್ಲ. ಆದರೆ ಒಳಗೆ ಚಿಕಿತ್ಸೆ ನಡೆಯುತ್ತಿರುವಾಗಲೇ ಪಕ್ಕದಲ್ಲಿ ಗೋಡೆ ಒಡೆಯುವ, ನೆಲ ಅಗೆಯುವ ಕೆಲಸವು ಗುತ್ತಿಗೆದಾರರ ಅನುಕೂಲದ ವೇಳಾಪಟ್ಟಿಯಂತೆ ಸಾಗುತ್ತಿದ್ದು, ಅಪಾಯ ಕಂಡಾಗ ಕೆಲಸವನ್ನು ಅಲ್ಲಿಗೇ ನಿಲ್ಲಿಸುವ ಲಿಖಿತ ಅಧಿಕಾರ ಆಸ್ಪತ್ರೆಯೊಳಗಿನ ಯಾರಿಗೂ ಇಲ್ಲದಿರುವುದು ನಮ್ಮ ಆತಂಕಕ್ಕೆ ಮೂಲ ಕಾರಣವಾಗಿದೆ. ದೂರು ಹೇಳಲು ಹೋದವರನ್ನು ವೈದ್ಯರು ಎಂಜಿನಿಯರರ ಬಳಿಗೆ, ಎಂಜಿನಿಯರರು ಗುತ್ತಿಗೆದಾರರ ಬಳಿಗೆ, ಗುತ್ತಿಗೆದಾರರ ಮೇಸ್ತ್ರಿ ಮತ್ತೆ ಆಸ್ಪತ್ರೆಯ ಕಚೇರಿಗೆ ಕಳುಹಿಸುತ್ತಿದ್ದಾರೆ.

ಮೊದಲಿಗೆ ಧೂಳಿನ ವಿಚಾರ. ಹಳೆಯ ಗೋಡೆ, ತೇವ ಹಿಡಿದ ಗಾರೆ ಮತ್ತು ಅಗೆದ ಮಣ್ಣಿನಿಂದ ಏಳುವ ಧೂಳಿನಲ್ಲಿ ಆಸ್ಪರ್ಜಿಲಸ್ ಎಂಬ ಶಿಲೀಂಧ್ರದ ಬೀಜಕಣಗಳಿರುತ್ತವೆ. ಎರಡು ಮೂರು ಮೈಕ್ರಾನ್‌ನಷ್ಟೇ ಗಾತ್ರದ ಈ ಕಣಗಳು ಬಹಳ ಹೊತ್ತು ಗಾಳಿಯಲ್ಲಿ ತೇಲುತ್ತ ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಆರೋಗ್ಯವಂತರ ದೇಹ ಇವನ್ನು ತಾಳಿಕೊಳ್ಳುತ್ತದೆ. ಕ್ಯಾನ್ಸರ್‌ಗೆ ಕೀಮೋ ಪಡೆಯುತ್ತಿರುವವರಿಗೆ, ದೀರ್ಘಕಾಲ ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿರುವವರಿಗೆ, ಐಸಿಯುನಲ್ಲಿರುವವರಿಗೆ ಇವು ಪ್ರಾಣಾಂತಿಕ ಸೋಂಕನ್ನು ತರಬಲ್ಲವು. 2021ರಲ್ಲಿ ಕಪ್ಪು ಶಿಲೀಂಧ್ರದ ಕಾಯಿಲೆ ನಮ್ಮ ರಾಜ್ಯದ ಎಷ್ಟೋ ಮನೆಗಳನ್ನು ಹೇಗೆ ಕಾಡಿತೆಂಬುದು ತಮಗೆ ತಿಳಿದಿದೆ. ಅದು ಬೇರೆ ಜಾತಿಯ ಶಿಲೀಂಧ್ರವಾದರೂ ದುರ್ಬಲ ದೇಹವನ್ನೇ ಹಿಡಿಯುವ ವಿಷಯದಲ್ಲಿ ಎರಡೂ ಒಂದೇ. ಈ ಕಾರಣಕ್ಕಾಗಿಯೇ ಆಸ್ಪತ್ರೆಗಳೊಳಗಿನ ಕಾಮಗಾರಿಗೆ ಮುನ್ನ ಯಾವ ಕೆಲಸದಿಂದ ಎಷ್ಟು ಧೂಳು ಏಳುತ್ತದೆ, ಅದು ಯಾವ ರೋಗಿಗಳನ್ನು ತಲುಪುತ್ತದೆ ಎಂಬ ಎರಡನ್ನೂ ಒಟ್ಟಿಗಿಟ್ಟು ಸೋಂಕು ಅಪಾಯದ ಅಂದಾಜು ಬರೆಯುವ ಪದ್ಧತಿ ಬೆಳೆದುಬಂದಿದೆ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯು 2003ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿಯೂ ಈ ಅಂದಾಜಿಗೆ ಮುಖ್ಯ ಸ್ಥಾನವಿದೆ.

ಆ ಪದ್ಧತಿಯನ್ನು ಹಾಗೆಯೇ ತಂದರೆ ಸಾಲದೆಂಬುದು ನಮ್ಮ ಅಭಿಪ್ರಾಯ. ಗಟ್ಟಿ ತಡೆಗೋಡೆ, ಕೆಲಸದ ಜಾಗದ ಧೂಳುಗಾಳಿಯನ್ನು ಎಳೆದುಕೊಳ್ಳುವ ಯಂತ್ರ, 0.3 ಮೈಕ್ರಾನ್ ಕಣಗಳಲ್ಲಿ ಶೇ 99.97ರಷ್ಟನ್ನು ಹಿಡಿಯುವ ಹೆಪಾ ಫಿಲ್ಟರ್, ಇವೆಲ್ಲ ಮುಚ್ಚಿದ ಕಟ್ಟಡದೊಳಗಿನ ಕೆಲಸಕ್ಕೆ ಹೇಳಿಮಾಡಿಸಿದವು. ನಮ್ಮ ಸಾಮಾನ್ಯ ವಾರ್ಡುಗಳು ಕಿಟಕಿಯ ಗಾಳಿಯನ್ನೇ ನಂಬಿವೆ, ಮತ್ತು ಈಗ ಆ ಕಿಟಕಿಗಳು ಕೆಡವುತ್ತಿರುವ ಕಟ್ಟಡಕ್ಕೆ ಎದುರಾಗಿವೆ. ಕಿಟಕಿ ಮುಚ್ಚಿದರೆ ಸೆಕೆ ಮತ್ತು ಒಳಗಿನ ಸೋಂಕು, ತೆರೆದರೆ ಹೊರಗಿನ ಧೂಳು. ಕಟ್ಟಿರುವ ಹಸಿರು ಪರದೆ ದೊಡ್ಡ ಚೂರುಗಳನ್ನು ತಡೆಯಬಹುದೇ ಹೊರತು ಈ ಬೀಜಕಣಗಳನ್ನು ತಡೆಯಲಾರದು. ಹೀಗಾಗಿ ಒಡೆಯುವ ಕೆಲಸಕ್ಕೆ ಮೊದಲೇ ದುರ್ಬಲ ರೋಗಿಗಳನ್ನು ಆವರಣದ ಇನ್ನೊಂದು ಬದಿಗೆ ಸ್ಥಳಾಂತರಿಸುವುದೇ ಇಲ್ಲಿ ಮುಖ್ಯ ಉಪಾಯ. ಜೊತೆಗೆ ಗೋಡೆಯನ್ನು ನೀರು ಹಾಯಿಸುತ್ತಲೇ ಒಡೆಯಬೇಕು, ಟೈಲ್ಸ್ ಮತ್ತು ಕಲ್ಲನ್ನು ಬಯಲಲ್ಲಿ ಕತ್ತರಿಸಬಾರದು, ಅವಶೇಷ ತುಂಬಿದ ಟಿಪ್ಪರ್‌ಗಳು ಟಾರ್ಪಾಲು ಹೊದಿಸಿಕೊಂಡೇ ಗೇಟು ದಾಟಬೇಕು.

ಎರಡನೆಯದಾಗಿ, ಅರ್ಧ ಕೆಡವಿದ ಕಟ್ಟಡದ ಪಕ್ಕದಲ್ಲೇ ರೋಗಿಯ ಕಡೆಯವರು ಬಳಸುವ ಶೌಚಾಲಯ ಇನ್ನೂ ತೆರೆದಿದೆ. 2025ರ ಜುಲೈ 3ರಂದು ಕೇರಳದ ಕೋಟಯಂ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ಹಳೆಯ ಶೌಚಾಲಯ ಕಟ್ಟಡ ಕುಸಿದು, ಮಗಳ ಚಿಕಿತ್ಸೆಗೆಂದು ಬಂದಿದ್ದ ತಾಯಿಯೊಬ್ಬರು ಮೃತಪಟ್ಟರು. ಇಲ್ಲಿ ಒಂದು ಹಗ್ಗ ಮತ್ತು ಒಂದು ಎಚ್ಚರಿಕೆ ಫಲಕವಷ್ಟೇ ಇದೆ. ರಾತ್ರಿ ಎದ್ದು ಹೋಗುವ ವೃದ್ಧರಿಗೆ ಅವೆರಡೂ ಕಾಣುವುದಿಲ್ಲ. ಬದಲಿ ಶೌಚಾಲಯ ಒದಗಿಸಿ ಈ ಭಾಗವನ್ನು ತಗಡಿನ ಬೇಲಿಯಿಂದ ಪೂರ್ತಿಯಾಗಿ ಮುಚ್ಚುವ ಕೆಲಸ ಒಂದು ವಾರವೂ ಕಾಯಬಾರದು.

ನೆಲದಡಿಯ ಅಪಾಯ ಕಣ್ಣಿಗೆ ಕಾಣದಿದ್ದರೂ ಇದಕ್ಕಿಂತ ದೊಡ್ಡದು. ಆಮ್ಲಜನಕದ ಕೊಳವೆ, ವಿದ್ಯುತ್ ಕೇಬಲ್, ನೀರಿನ ಪೈಪು ಎಲ್ಲೆಲ್ಲಿ ಹಾದುಹೋಗಿವೆ ಎಂಬುದನ್ನು ನಕ್ಷೆಯಲ್ಲಿ ನೋಡಿ, ಕೈಯಿಂದ ಗುಂಡಿ ತೋಡಿ ಖಚಿತಪಡಿಸಿಕೊಳ್ಳುವ ಮೊದಲು ಜೆಸಿಬಿ ಇಳಿಯಕೂಡದು. 2021ರ ಏಪ್ರಿಲ್ 21ರಂದು ನಾಸಿಕ್‌ನ ಆಸ್ಪತ್ರೆಯೊಂದರಲ್ಲಿ ಟ್ಯಾಂಕ್ ಸೋರಿ ಆಮ್ಲಜನಕ ಪೂರೈಕೆಗೆ ಅಡ್ಡಿಯಾದಾಗ ಇಪ್ಪತ್ತಕ್ಕೂ ಹೆಚ್ಚು ರೋಗಿಗಳು ಅಸುನೀಗಿದರು. ಅದು ಕಟ್ಟಡ ಕಾಮಗಾರಿಯಿಂದ ಆದದ್ದಲ್ಲ, ಆದರೆ ಪೂರೈಕೆ ಸ್ವಲ್ಪ ಹೊತ್ತು ನಿಂತರೆ ಏನಾಗುತ್ತದೆಂಬುದನ್ನು ಅದು ತೋರಿಸಿದೆ. ನೀರಿನ ವಿಷಯವೂ ಅಷ್ಟೇ ಗಂಭೀರ. ಡಯಾಲಿಸಿಸ್‌ನಲ್ಲಿ ನಿಮಿಷಕ್ಕೆ 500 ಮಿಲಿಲೀಟರಿನಂತೆ ನಾಲ್ಕು ಗಂಟೆಗೆ ಒಬ್ಬ ರೋಗಿಗೆ ಶುದ್ಧೀಕರಿಸಿದ ನೀರಿನಿಂದ ತಯಾರಿಸಿದ 120 ಲೀಟರ್ ದ್ರಾವಣ ಬೇಕಾಗುತ್ತದೆ. ಮುನ್ಸೂಚನೆಯಿಲ್ಲದೆ ನೀರು ನಿಲ್ಲಿಸಿದರೆ ದೂರದ ತಾಲ್ಲೂಕುಗಳಿಂದ ಬೆಳಗಿನ ಬಸ್ಸಿಗೆ ಬಂದವರು ಚಿಕಿತ್ಸೆ ಇಲ್ಲದೆ ಮರಳಬೇಕಾಗುತ್ತದೆ. ಪೈಪು ಕತ್ತರಿಸಿ ಮತ್ತೆ ಜೋಡಿಸಿದ ಮೇಲೆ ಕೆಸರು ಮತ್ತು ನಿಂತ ನೀರಿನ ಬ್ಯಾಕ್ಟೀರಿಯಾ ವಾರ್ಡಿನ ನಲ್ಲಿಗೆ ಬಾರದಂತೆ ಮೊದಲು ಚೆನ್ನಾಗಿ ನೀರು ಹರಿಯಬಿಡುವುದೂ ಅಗತ್ಯ.

ಆಂಬ್ಯುಲೆನ್ಸ್ ದಾರಿಯಲ್ಲಿ ಜಲ್ಲಿ ಮತ್ತು ಎಂ-ಸ್ಯಾಂಡ್ ರಾಶಿ ಬಿದ್ದಿದೆ. 108 ವಾಹನ ಟಿಪ್ಪರ್ ಹಿಂದೆ ಸರಿಯುವವರೆಗೆ ಕಾಯುವುದನ್ನು ನಾವು ನಮ್ಮ ಮನೆಗಳ ಮುಂದೆಯೇ ನೋಡುತ್ತಿದ್ದೇವೆ. ಬೆಂಕಿ ಬಿದ್ದರೆ ಅಗ್ನಿಶಾಮಕ ವಾಹನವೂ ಇದೇ ದಾರಿಯಲ್ಲಿ ಬರಬೇಕು. ಸಾಮಗ್ರಿಯ ಲಾರಿಗಳಿಗೆ ಹಿಂಬದಿಯ ಗೇಟನ್ನು ತೆರೆದುಕೊಟ್ಟರೆ ಈ ತೊಂದರೆ ನೀಗುತ್ತದೆ. ಆ ಗೇಟಿಗೆ ಬೀಗ ಹಾಕಿರುವುದು ಏಕೆಂದು ನಮಗೆ ಅರ್ಥವಾಗಿಲ್ಲ.

ರಾತ್ರಿ ಹನ್ನೊಂದಕ್ಕೂ ಕಾಂಕ್ರೀಟ್ ಯಂತ್ರ ಮತ್ತು ಬ್ರೇಕರ್ ಸದ್ದು ಕೇಳುತ್ತಿದೆ. 2000ದ ಶಬ್ದಮಾಲಿನ್ಯ ನಿಯಮಗಳು ಆಸ್ಪತ್ರೆಯಂತಹ ಸ್ಥಳಗಳ ಸುತ್ತ ಗುರುತಿಸುವ ನಿಶ್ಶಬ್ದ ವಲಯಕ್ಕೆ ಹಗಲಿನಲ್ಲಿ 50, ರಾತ್ರಿಯಲ್ಲಿ 40 ಡೆಸಿಬಲ್ ಮಿತಿ ಹಾಕಿವೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸದ್ದು ಮಾಡುವ ನಿರ್ಮಾಣ ಯಂತ್ರಗಳನ್ನು ನಿಶ್ಶಬ್ದ ವಲಯದಲ್ಲಷ್ಟೇ ಅಲ್ಲದೆ ವಸತಿ ಪ್ರದೇಶದಲ್ಲಿಯೂ ಬಳಸುವಂತಿಲ್ಲ. ಆದ್ದರಿಂದ ಈ ಆವರಣ ಯಾವ ವಲಯಕ್ಕೆ ಸೇರಿದೆ ಎಂಬ ಚರ್ಚೆಗೆ ಇಲ್ಲಿ ಆಸ್ಪದವಿಲ್ಲ.

ಕಾಂಕ್ರೀಟ್ ಗಟ್ಟಿಯಾಗಲೆಂದು ಕ್ಯೂರಿಂಗ್‌ಗೆ ನಿಲ್ಲಿಸಿದ ನೀರು ಮತ್ತು ತೆರೆದ ಡ್ರಮ್ಮುಗಳು ಸೊಳ್ಳೆಯ ತಾಣವಾಗುತ್ತಿವೆ. ಡೆಂಗಿಯನ್ನು ರಾಜ್ಯ ಸರ್ಕಾರ 2024ರಲ್ಲಿ ಸಾಂಕ್ರಾಮಿಕ ರೋಗವೆಂದು ಘೋಷಿಸಿರುವಾಗ, ಅದರ ಸೊಳ್ಳೆ ಆಸ್ಪತ್ರೆಯ ಅಂಗಳದಲ್ಲೇ ಬೆಳೆಯುವುದನ್ನು ಒಪ್ಪಲಾಗದು. ಆವರಣದ ಶೆಡ್ಡುಗಳಲ್ಲಿರುವ ಕಾರ್ಮಿಕರಿಗೂ ಅವರ ಮಕ್ಕಳಿಗೂ ಕುಡಿಯುವ ನೀರು, ಶೌಚಾಲಯ, ಸೊಳ್ಳೆಪರದೆ ಸಿಗಬೇಕು. ಧೂಳನ್ನು ಎಲ್ಲರಿಗಿಂತ ಹೆಚ್ಚು ಕುಡಿಯುತ್ತಿರುವವರು ಅವರೇ.

ಆದ್ದರಿಂದ ತಾವು ಆಸ್ಪತ್ರೆಯ ಒಬ್ಬ ಹಿರಿಯ ವೈದ್ಯಾಧಿಕಾರಿಯನ್ನು ಕಾಮಗಾರಿ ಸುರಕ್ಷತೆಗೆ ಹೊಣೆಗಾರರನ್ನಾಗಿ ನೇಮಿಸಿ, ಒಡೆಯುವ, ಅಗೆಯುವ, ವೆಲ್ಡಿಂಗ್ ಮಾಡುವ ಹಾಗೂ ನೀರು, ವಿದ್ಯುತ್, ಆಮ್ಲಜನಕವನ್ನು ತಡೆಯುವ ಪ್ರತಿಯೊಂದು ಕೆಲಸಕ್ಕೂ ಅವರ ಸಹಿಯ ಅನುಮತಿ ಇರಲೇಬೇಕೆಂದು ಆದೇಶಿಸಬೇಕಾಗಿ ವಿನಂತಿಸುತ್ತೇವೆ. ಕೆಲಸವನ್ನು ತಕ್ಷಣ ನಿಲ್ಲಿಸುವ ಅಧಿಕಾರ ಅವರಿಗಿರಲಿ; ಅದರಿಂದಾಗುವ ವಿಳಂಬಕ್ಕೆ ಗುತ್ತಿಗೆದಾರರಿಗೆ ದಂಡ ಬೀಳದಂತೆ ಕರಾರಿನಲ್ಲಿಯೇ ಅವಧಿ ವಿಸ್ತರಣೆಗೆ ಅವಕಾಶವಿರಲಿ, ಇಲ್ಲದಿದ್ದರೆ ಅವಸರವೇ ಮೇಲುಗೈಯಾಗುತ್ತದೆ. ವಾರಕ್ಕೊಮ್ಮೆ ವೈದ್ಯರು, ಶುಶ್ರೂಷಾ ಮೇಲ್ವಿಚಾರಕರು, ಎಂಜಿನಿಯರರು ಮತ್ತು ಗುತ್ತಿಗೆದಾರರು ಒಟ್ಟಿಗೆ ಸ್ಥಳ ನೋಡಿ, ಮುಂದಿನ ವಾರದ ಕೆಲಸದ ವಿವರವನ್ನು ಹೊರರೋಗಿ ವಿಭಾಗದ ಬಾಗಿಲಲ್ಲಿ ಕನ್ನಡದಲ್ಲಿ ಹಾಕುವಂತಾಗಲಿ.

ತಾವು ಸ್ಥಳ ಪರಿಶೀಲನೆಗೆ ಬರುವ ದಿನವನ್ನು ಮುಂಚಿತವಾಗಿ ತಿಳಿಸಿದಲ್ಲಿ ನಮ್ಮ ಪ್ರತಿನಿಧಿಗಳು ಛಾಯಾಚಿತ್ರಗಳೊಂದಿಗೆ ಹಾಜರಿರುತ್ತಾರೆ.

ಇಂತಿ ತಮ್ಮ ವಿಶ್ವಾಸಿಗಳು,
ಬಡಾವಣೆಗಳ ನಿವಾಸಿಗಳು (ಸಹಿಗಳನ್ನು ಲಗತ್ತಿಸಿದೆ)

ಪ್ರತಿ: ಜಿಲ್ಲಾ ಶಸ್ತ್ರಚಿಕಿತ್ಸಕರು; ಕಾಮಗಾರಿಯ ಕಾರ್ಯಪಾಲಕ ಎಂಜಿನಿಯರರು; ನಗರಸಭೆಯ ಪೌರಾಯುಕ್ತರು.