ಗೌಂಡಿ ಅಪ್ಪನಿಗೆ, ರೋಮನ್ ಗೋಡೆಯ ಬಗ್ಗೆ

ನ್ಯೂಕ್ಯಾಸಲ್
ಅಕ್ಟೋಬರ್, ಭಾನುವಾರ ರಾತ್ರಿ

ತೀರ್ಥರೂಪ ಅಪ್ಪನವರಿಗೆ ಮಗಳ ನಮಸ್ಕಾರಗಳು.

ನಾನು ಕ್ಷೇಮ. ನಿಮ್ಮ ಮೊಣಕಾಲು ನೋವು ಹೇಗಿದೆ? ಅವ್ವ ಕಳಿಸಿದ ಗಂಟು ಮುಟ್ಟಿತು. ನಾಲ್ಕು ರೊಟ್ಟಿ ಮಾತ್ರ ಮುರಿದಿದ್ದವು, ಶೇಂಗಾ ಹಿಂಡಿ ಘಮಘಮ ಎನ್ನುತ್ತಿದೆ.

ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮಂಗಳವಾರ ಹೇಡ್ರಿಯನ್ ಗೋಡೆಯ ಪಕ್ಕದಲ್ಲಿ ನಡೆದುಬಂದೆ. ರೋಮ್ ಚಕ್ರವರ್ತಿ ಹೇಡ್ರಿಯನ್ ಕ್ರಿ.ಶ. 122ರಲ್ಲಿ ಕಟ್ಟಿಸತೊಡಗಿದ ಈ ಗೋಡೆ ಒಂದು ಕಡಲತೀರದಿಂದ ಇನ್ನೊಂದಕ್ಕೆ ಸುಮಾರು 117 ಕಿಲೋಮೀಟರ್, ಹುಬ್ಬಳ್ಳಿಯಿಂದ ಹೊರಟರೆ ರಾಣೆಬೆನ್ನೂರು ದಾಟುವಷ್ಟು. ಇದೇ ಸ್ಕಾಟ್ಲೆಂಡಿನ ಗಡಿ ಎಂದು ನಾನೂ ತಿಳಿದಿದ್ದೆ. ಆದರೆ ಗೋಡೆ ಪೂರ್ತಿ ಇಂಗ್ಲೆಂಡಿನ ಒಳಗೇ ಇದೆ, ಈಗಿನ ಗಡಿ ಅದರ ಉತ್ತರಕ್ಕೆ.

ಸ್ಟೀಲ್ ರಿಗ್ ಎಂಬಲ್ಲಿಂದ ಹೌಸ್‌ಸ್ಟೆಡ್ಸ್ ಕೋಟೆಯವರೆಗೆ ಐದು ಕಿಲೋಮೀಟರ್ ನಡೆದೆ. ಕುರಿಗಳು, ಗಾಳಿ, ನಾನು, ಇಷ್ಟೇ. ನಮ್ಮ ಕಡೆಯಂಥ ಕರಿಕಲ್ಲಿನ ಬಂಡೆಸಾಲು. ಅದರ ನೆತ್ತಿಯ ಮೇಲೆ ಮರಳುಗಲ್ಲಿನ ಗೋಡೆ. ನೀವಿದ್ದಿದ್ದರೆ ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದಿರಿ. ಎರಡೂ ಮುಖಕ್ಕೆ ಉಳಿಯಿಂದ ಚೌಕಾಗಿ ಕಡಿದ ಕಲ್ಲು, ನಡುವಿನ ಹೊಟ್ಟೆಗೆ ಕಲ್ಲುಚೂರು. ಒಂದು ಇಳಿಜಾರಿನಲ್ಲಿ ಕುಳಿತು ಬಹಳ ಹೊತ್ತು ನೋಡಿದೆ. ನೆಲ ಕಡಿದಾಗಿ ಇಳಿಯುತ್ತದೆ, ಆದರೆ ಕಲ್ಲಿನ ವರಸೆ ನೆಲದ ಜೊತೆ ವಾಲಿಲ್ಲ. ಒಂದೊಂದು ವರಸೆಯೂ ಮಟ್ಟಸವಾಗಿ ಕೂತು, ಮೆಟ್ಟಿಲಿನಂತೆ ಕೆಳಗಿಳಿಯುತ್ತದೆ. "ಇಳುಕಲಿದ್ದರೂ ಕಲ್ಲನ್ನು ವಾಲಿಸಬಾರದು, ಜಾರುತ್ತದೆ" ಎಂದು ನೀವು ಬಂಕಾಪುರದ ಕೋಟೆಯಲ್ಲಿ ನವಿಲು ನೋಡಲು ಹೋದಾಗ ಹೇಳಿದ್ದಿರಿ. ನನಗಾಗ ನವಿಲೇ ಬೇಕಾಗಿತ್ತು. ಈ ಕಲ್ಲಿನ ಮೇಲೆ ಕೈಯಿಟ್ಟಾಗ ಆ ಮಾತು ನೆನಪಾಗಿ ಗಂಟಲು ಕಟ್ಟಿತು.

ಕಟ್ಟಿದವರು ಸೈನಿಕರೇ, ಮೂರು ದಂಡಿನವರು. ಸುಮಾರು 80 ಜನರ ಒಂದೊಂದು ತುಕಡಿ ತನಗೆ ಬಂದ ಪಾಲು ಮುಗಿದ ಮೇಲೆ ತನ್ನ ನಾಯಕನ ಹೆಸರನ್ನು ಒಂದು ಕಲ್ಲಿನಲ್ಲಿ ಕೊರೆದು ಕೂಡಿಸುತ್ತಿತ್ತು. ಅಂಥ ಕಲ್ಲುಗಳು ನೂರಾರು ಸಿಕ್ಕಿವೆ. ನೀವು ಕಟ್ಟಿದ ಅಷ್ಟೊಂದು ಮನೆಗಳಲ್ಲಿ ಒಂದರ ಮೇಲೂ ನಿಮ್ಮ ಹೆಸರಿಲ್ಲ. ಇದು ನನಗೆ ಸರಿ ಅನ್ನಿಸುವುದಿಲ್ಲ, ಅಪ್ಪ.

ಸಾಮ್ರಾಜ್ಯ ಹೋದ ಮೇಲೆ ಸುತ್ತಲಿನವರು ಈ ಕಲ್ಲುಗಳನ್ನು ಕಿತ್ತು ಮನೆ, ಚರ್ಚು, ಹೊಲದ ಬದು ಕಟ್ಟಿಕೊಂಡರು. 1987ರಲ್ಲಿ ಇದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ನಮ್ಮ ಪಟ್ಟದಕಲ್ಲೂ ಸೇರಿದ್ದು ಅದೇ ವರ್ಷ. ದಾರಿಯಲ್ಲಿ ಎರಡು ದಿಬ್ಬಗಳ ನಡುವೆ ಒಂದು ಪ್ರಸಿದ್ಧ ಮರವಿತ್ತು. 2023ರ ಸೆಪ್ಟೆಂಬರಿನಲ್ಲಿ ರಾತ್ರೋರಾತ್ರಿ ಅದನ್ನು ಕಡಿದುಬಿಟ್ಟರು. ಮರುವರ್ಷವೇ ಬುಡದಲ್ಲಿ ಹೊಸ ಚಿಗುರು ಒಡೆದಿದೆಯಂತೆ. ಅವ್ವನಿಗೆ ಹೇಳಿ.

ಗೋಡೆಯ ಮರೆಯಲ್ಲಿ ಕುಳಿತು ರೊಟ್ಟಿ, ಹಿಂಡಿ ತಿಂದೆ. ಅಲ್ಲಿಗೆ ಹತ್ತಿರದ ವಿಂಡೊಲಾಂಡಾ ಕೋಟೆಯಲ್ಲಿ, ತೆಳ್ಳನೆಯ ಮರದ ಹಲಗೆಗಳ ಮೇಲೆ ಶಾಯಿಯಿಂದ ಬರೆದ ಓಲೆಗಳು 1973ರಿಂದ ಸಿಗುತ್ತಿವೆ. ಹೆಚ್ಚಿನವು ಗೋಡೆಗಿಂತಲೂ ಹಳೆಯವು. ಒಂದರಲ್ಲಿ ಯಾರೋ ಯಾರಿಗೋ ಕಾಲುಚೀಲ, ಚಪ್ಪಲಿ, ಒಳಚಡ್ಡಿ ಕಳಿಸಿದ್ದೇನೆ ಎಂದು ಬರೆದಿದ್ದಾರೆ! ಅವ್ವ ಗಂಟಿನೊಳಗೆ ಇಟ್ಟ ಚೀಟಿಯೂ ಹಾಗೆಯೇ ಇತ್ತು: ರೊಟ್ಟಿ ಇಷ್ಟು, ಹಿಂಡಿ ಇಷ್ಟು, ಉಣ್ಣೆಯ ಕಾಲುಚೀಲ ಎರಡು ಜೊತೆ. ಆ ಚೀಟಿಯನ್ನು ತೆಗೆದಿಟ್ಟಿದ್ದೇನೆ.

ಒಂದು ಕೆಲಸ ಮಾಡಿ. ಮೊಣಕಾಲು ಹಗುರಾದಾಗ ತಮ್ಮನ ಜೊತೆ ಬಂಕಾಪುರಕ್ಕೆ ಹೋಗಿ, ಕೋಟೆಯ ಕಲ್ಲುಗಳ ಮೇಲೆ ಗೌಂಡಿಗಳ ಗುರುತು ಏನಾದರೂ ಇದೆಯೇ ನೋಡಿ. ಇದ್ದರೆ ಅವನ ಕೈಯಲ್ಲಿ ಫೋಟೊ ತೆಗೆಸಿ ಕಳಿಸಿ. ಮುಂದಿನ ಮನೆ ಕಟ್ಟುವಾಗ, ಮಾಲೀಕರನ್ನು ಕೇಳಿ, ಬುನಾದಿಯ ಒಂದು ಕಲ್ಲಿನ ಮೇಲೆ ನಿಮ್ಮ ಹೆಸರನ್ನೂ ಕೊರೆಯಿರಿ.

ನಿಮ್ಮ ಮಗಳು