ನ್ಯೂಟ್ರಾನ್‌ಗಳ ಬಗ್ಗೆ ಸದನದಲ್ಲಿ ಒಂದು ಪ್ರಶ್ನೆ ಕೇಳಿ

ಮುಂಬೈ ದಕ್ಷಿಣ ಮಧ್ಯ ಕ್ಷೇತ್ರದ ಮಾನ್ಯ ಲೋಕಸಭಾ ಸದಸ್ಯರಿಗೆ ನಮಸ್ಕಾರಗಳು.

ಮಾಟುಂಗಾದ ಕನ್ನಡಿಗರು ಸಂಸದರಿಗೆ ಬರೆದರೆ ಅದು ನೀರಿನ ಬಗ್ಗೆಯೋ ಹಳೆಯ ಚಾಳುಗಳ ಬಗ್ಗೆಯೋ ಇರುತ್ತದೆ. ಇದು ನ್ಯೂಟ್ರಾನ್‌ಗಳ ಬಗ್ಗೆ. ತಮ್ಮ ಕ್ಷೇತ್ರದ ಅಣುಶಕ್ತಿ ನಗರದ ಮಗ್ಗುಲಲ್ಲಿರುವ ಧ್ರುವ ಎಂಬ ಸಂಶೋಧನಾ ರಿಯಾಕ್ಟರ್ ಚಾಲನೆಗೊಂಡದ್ದು 1985ರ ಆಗಸ್ಟ್‌ನಲ್ಲಿ. ನ್ಯೂಟ್ರಾನ್ ಚದುರಿಕೆಯ ಪ್ರಯೋಗಕ್ಕೆ, ಅಂದರೆ ವಸ್ತುವಿಗೆ ಹಾಯಿಸಿದ ನ್ಯೂಟ್ರಾನ್‌ಗಳು ಚದುರುವ ರೀತಿಯಿಂದ ಅದರ ಒಳರಚನೆಯನ್ನು ಅರಿಯುವುದಕ್ಕೆ, ನಮ್ಮ ವಿಶ್ವವಿದ್ಯಾಲಯಗಳು ಇಂದಿಗೂ ಮುಖ್ಯವಾಗಿ ನೆಚ್ಚಿರುವುದು ಅದನ್ನೇ.

ಚೀನಾ 2025ರ ಏಪ್ರಿಲ್‌ನಲ್ಲಿ ರಫ್ತಿಗೆ ಕಡಿವಾಣ ಹಾಕಿದ ಮೇಲೆ ವಿರಳ ಭೂಲೋಹಗಳು ಎಲ್ಲರ ಬಾಯಲ್ಲೂ ಬಂದವು. ನವೆಂಬರಿನಲ್ಲಿ ಕೇಂದ್ರ ಸಂಪುಟ ಅವುಗಳ ಕಾಂತ ತಯಾರಿಕೆಗೆ 7,280 ಕೋಟಿ ರೂಪಾಯಿಯ ಯೋಜನೆಯನ್ನು ಒಪ್ಪಿತು. ಸಂತೋಷ. ಆದರೆ ಆ ಕಾಂತಗುಣವನ್ನು ಒಳಹೊಕ್ಕು ನೋಡುವ ಸಾಧನವಾದ ನ್ಯೂಟ್ರಾನ್‌ಗಳ ಮಾತನ್ನು ಯಾರೂ ಎತ್ತಿದ್ದು ನನ್ನ ಕಿವಿಗೆ ಬಿದ್ದಿಲ್ಲ.

ಹೋಲ್ಮಿಯಂ ಎಂಬ ವಿರಳ ಭೂಲೋಹವಿರುವ ಹೋಲ್ಮಿಯಂ ಟೈಟನೇಟ್ ಎಂಬ ಆಕ್ಸೈಡನ್ನು ತೆಗೆದುಕೊಳ್ಳಿ. ಅದರ ಒಳಗನ್ನು ಎಕ್ಸ್-ಕಿರಣದಿಂದ ನೋಡಹೊರಟರೆ, ಆ ಕಿರಣವನ್ನು ಚದುರಿಸುವುದು ಎಲೆಕ್ಟ್ರಾನ್‌ಗಳು. ಹೋಲ್ಮಿಯಂ ಪರಮಾಣುವಿನಲ್ಲಿ ಅವು 67, ಆಮ್ಲಜನಕದಲ್ಲಿ ಬರೀ 8. ತೇರಿನ ಗದ್ದಲದಲ್ಲಿ ಪಿಸುಮಾತು. ನ್ಯೂಟ್ರಾನ್‌ಗೆ ಎದುರಾಗುವುದು ನ್ಯೂಕ್ಲಿಯಸ್; ಅದರ ಲೆಕ್ಕದಲ್ಲಿ ಆಮ್ಲಜನಕವೇನೂ ಬಡವನಲ್ಲ. ಮೇಲಾಗಿ ವಿದ್ಯುದಂಶವಿಲ್ಲದ ಈ ಕಣ ತಾನೇ ಒಂದು ಪುಟ್ಟ ಕಾಂತವಾದ್ದರಿಂದ, ಒಳಗಿನ ಪರಮಾಣು ಕಾಂತಗಳು ಯಾವ ದಿಕ್ಕಿಗೆ ಮುಖಮಾಡಿವೆ ಎಂಬುದನ್ನೂ ತಿಳಿಸುತ್ತದೆ. ತಾಪದ ಕಟ್ಟಕಡೆಯ ಕೆಳಮಿತಿಯಾದ ನಿರಪೇಕ್ಷ ಶೂನ್ಯದ ಸಮೀಪಕ್ಕೆ ತಣಿಸಿದಾಗ, ಚತುರ್ಮುಖಿಯ (ನಾಲ್ಕು ತ್ರಿಕೋನ ಮುಖಗಳ ಆಕೃತಿಯ) ನಾಲ್ಕು ಮೂಲೆಗಳ ಹೋಲ್ಮಿಯಂ ಕಾಂತಗಳಲ್ಲಿ ಎರಡು ಒಳಮುಖವಾಗುತ್ತವೆ, ಎರಡು ಹೊರಮುಖ. ಮಂಜುಗಡ್ಡೆಯಲ್ಲಿ ಜಲಜನಕ ಪಾಲಿಸುವುದೂ ಇದೇ ನಿಯಮವನ್ನು. ಹಾಗಾಗಿ ಇದು ‘ಸ್ಪಿನ್ ಐಸ್’.

ಎಲ್ಲ ವಿರಳ ಭೂಲೋಹಗಳೂ ಇಷ್ಟು ಸಾಧುಗಳಲ್ಲ. ಗ್ಯಾಡೊಲಿನಿಯಂ ನ್ಯೂಟ್ರಾನ್‌ಗಳನ್ನು ನುಂಗಿಬಿಡುತ್ತದೆ. ರಿಯಾಕ್ಟರ್‌ಗಳಲ್ಲಿ ಅದನ್ನು ಬಳಸುವುದೂ ಆ ಹಸಿವಿಗಾಗಿಯೇ. ಅದರ ಆಕ್ಸೈಡನ್ನು ಪರೀಕ್ಷಿಸಲು ನ್ಯೂಟ್ರಾನ್‌ಗಳನ್ನು ಅಷ್ಟಾಗಿ ನುಂಗದ ಅದರದೇ ದುಬಾರಿ ಐಸೊಟೋಪ್ ಬೇಕು, ಇಲ್ಲವೇ ಪ್ರಬಲವಾದ ನ್ಯೂಟ್ರಾನ್ ಆಕರ ಬೇಕು.

ಪ್ರೋಟಾನ್‌ಗಳಿಂದ ಭಾರಲೋಹಕ್ಕೆ ಬಡಿದು ನ್ಯೂಟ್ರಾನ್ ಚಿಮ್ಮಿಸುವ ಅಂಥದೊಂದು ಆಕರ ಬ್ರಿಟನ್ನಿನಲ್ಲಿ 1980ರ ದಶಕದಿಂದಲೂ ಇದೆ. ನಮ್ಮಲ್ಲಿ ಅದರ ಪ್ರಸ್ತಾವ ಇಂದೋರಿನ ರಾಜಾ ರಾಮಣ್ಣ ಕೇಂದ್ರದಲ್ಲಿ ಬಹುಕಾಲದಿಂದ ಇದೆ. ಧ್ರುವ ಚಾಲನೆಗೊಂಡಾಗ ಅಣುಶಕ್ತಿ ಆಯೋಗದ ಅಧ್ಯಕ್ಷರಾಗಿದ್ದವರು ಇದೇ ರಾಮಣ್ಣ, ಕನ್ನಡಿಗರು. (ಈ ಮಾತನ್ನು ಹೇಳದೆ ಬಿಡಲು ನನ್ನಿಂದಾಗದು.)

ಮುಂದಿನ ಅಧಿವೇಶನದಲ್ಲಿ ದಯವಿಟ್ಟು ಕೇಳಿ: ಇಂದೋರಿನ ಕೆಲಸ ಯಾವ ಹಂತದಲ್ಲಿದೆ? ಅದಕ್ಕೆ ಎಷ್ಟು ಹಣ ಮೀಸಲಾಗಿದೆ? ಅಲ್ಲಿಯವರೆಗೆ ಧ್ರುವದಲ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ವರ್ಷಕ್ಕೆ ಎಷ್ಟು ದಿನ ಸಿಗುತ್ತದೆ? ಅಣುಶಕ್ತಿ ಇಲಾಖೆ ಪ್ರಧಾನಿಯವರ ಬಳಿಯೇ ಇರುವುದರಿಂದ ಪ್ರಶ್ನೆಯನ್ನು ಇನ್ನೊಂದು ಸಚಿವಾಲಯದತ್ತ ತಳ್ಳುವ ಹಾಗಿಲ್ಲ. ಲಿಖಿತ ಉತ್ತರವಾದರೂ ಸಾಕು.

ಇಂತಿ,
ಮಾಟುಂಗಾದ ಒಬ್ಬ ನಿವೃತ್ತ ಭೌತಶಾಸ್ತ್ರ ಅಧ್ಯಾಪಕ